ಹೊಟ್ಟೆಯೊಳಗಿನ ಅಮಾನತ್: ಬ್ಯಾಕ್ಟೀರಿಯಾದ ಸಕ್ಕರೆ ಹೊದಿಕೆ ಮತ್ತು ನಮ್ಮ ರೋಗನಿರೋಧಕ ಶಕ್ತಿ

ಆರೋಗ್ಯ ಮತ್ತು ಬಿಡುವು, ಈ ಎರಡು ಅನುಗ್ರಹಗಳ ಬೆಲೆ ತಿಳಿಯದೆ ಹೆಚ್ಚಿನವರು ನಷ್ಟ ಅನುಭವಿಸುತ್ತಾರೆ ಎಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದಾರೆ. ಈ ಹದೀಸನ್ನು ಆಧಾರವಾಗಿಟ್ಟುಕೊಂಡು ಕಳೆದ ಒಂದು ಶುಕ್ರವಾರ ಖತೀಬರು ದೇಹವೆಂಬ ಅಮಾನತಿನ ಬಗ್ಗೆ ಖುತ್ಬಾ ನೀಡಿದ್ದರು. ನಮಾಝ್ ಮುಗಿದು ಜನ ಚದುರುವಾಗ ಶಂಕರಪುರದ ಕಡೆಯ ಒಬ್ಬ ಯುವಕ ಅವರ ಬಳಿ ಬಂದ. ಮನೆಯಲ್ಲಿ ಎರಡು ತಿಂಗಳ ಮಗು.

"ಉಸ್ತಾದ್, ಮಗುವಿಗೆ ಶೀತ. ದೊಡ್ಡವಳಿಗೆ ಹಿಂದೆ ಕೊಟ್ಟ ಆಂಟಿಬಯೋಟಿಕ್ ಬಾಟಲಿಯಲ್ಲಿ ಅರ್ಧ ಉಳಿದಿದೆ. ಅದನ್ನೇ ಕೊಡಬಹುದಾ? ಮತ್ತೆ, ಮೆಡಿಕಲ್‌ನವರು ಒಳ್ಳೆಯ ಬ್ಯಾಕ್ಟೀರಿಯಾ ಅಂತ ಒಂದು ಪ್ಯಾಕೆಟ್ ಕೊಟ್ಟಿದ್ದಾರೆ. ಬ್ಯಾಕ್ಟೀರಿಯಾದಲ್ಲಿ ಒಳ್ಳೆಯದು ಅಂತ ಇದೆಯಾ? ಅದು ಹಲಾಲ್ ತಾನೇ?"

ಉಸ್ತಾದರು ನಕ್ಕು, ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿ, "ಇದಕ್ಕೆ ವಿಜ್ಞಾನ ಕಲಿಸುವವರೇ ಉತ್ತರ ಹೇಳಲಿ" ಎಂದರು. ಮಗುವನ್ನು ಮೊದಲು ವೈದ್ಯರಿಗೆ ತೋರಿಸಿ, ಉಳಿದ ಔಷಧ ಕೊಡಲೇಬೇಡಿ ಎಂದಷ್ಟೇ ಅಂದು ನಾನು ಹೇಳಿದ್ದು. ಆದರೆ ಅವನ ಪ್ರಶ್ನೆ ದೊಡ್ಡದು. ಒಂದು ಬ್ಯಾಕ್ಟೀರಿಯಾ ಮಿತ್ರ, ಇನ್ನೊಂದು ಶತ್ರು ಎಂದು ನಮ್ಮ ದೇಹಕ್ಕೆ ಗೊತ್ತಾಗುವುದು ಹೇಗೆ? ಇದರ ಉತ್ತರದ ಒಂದು ದೊಡ್ಡ ಭಾಗ ಬ್ಯಾಕ್ಟೀರಿಯಾದ ಮೈಮೇಲಿರುವ ಸಕ್ಕರೆಯಲ್ಲಿದೆ. ಅದನ್ನು ಅರಿತರೆ ಉಳಿದ ಬಾಟಲಿಯನ್ನು ಯಾಕೆ ಮುಟ್ಟಬಾರದು ಎಂಬುದೂ ತಿಳಿಯುತ್ತದೆ.

ರಕ್ತದ ಗುಂಪಿನಿಂದ ಆರಂಭಿಸೋಣ

ಉಡುಪಿ, ಕಾಪು, ಕಾರ್ಕಳದ ಕಡೆ ನಮ್ಮ ಯುವಕರು ರಕ್ತದಾನ ಶಿಬಿರ ನಡೆಸುವುದು ಹೊಸತಲ್ಲ. ನಿಮ್ಮಲ್ಲಿ ಹಲವರ ಪರ್ಸಿನಲ್ಲಿ ಎ, ಬಿ, ಎಬಿ ಅಥವಾ ಒ ಎಂದು ಬರೆದ ಕಾರ್ಡ್ ಇರಬಹುದು. ಆ ಅಕ್ಷರಗಳು ಏನನ್ನು ಸೂಚಿಸುತ್ತವೆ ಎಂದು ಯೋಚಿಸಿದ್ದೀರಾ?

1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ ರಕ್ತದ ಗುಂಪುಗಳನ್ನು ಗುರುತಿಸಿದರು. ಈ ಗುಂಪುಗಳ ವ್ಯತ್ಯಾಸ ಇರುವುದು ಸಕ್ಕರೆಯಲ್ಲಿ ಎಂಬುದು ಮುಂದೆ ತಿಳಿಯಿತು. ಇಲ್ಲಿ ಸಕ್ಕರೆ ಎಂದರೆ ಚಹಾಕ್ಕೆ ಹಾಕುವ ಸಕ್ಕರೆಯೊಂದೇ ಅಲ್ಲ. ಅದೇ ಕುಟುಂಬಕ್ಕೆ ಸೇರಿದ ಸಣ್ಣ ಸಣ್ಣ ಅಣುಗಳು ಅನೇಕ ಇವೆ. ಶಂಕರಪುರದ ಮನೆಗಳಲ್ಲಿ ಬಾಳೆನಾರಿನಿಂದ ಮಲ್ಲಿಗೆ ಮೊಗ್ಗನ್ನು ಒಂದರ ಪಕ್ಕ ಒಂದು ಇಟ್ಟು ಕಟ್ಟುವುದನ್ನು ನೋಡಿದ್ದೀರಲ್ಲ, ಹಾಗೆಯೇ ಸಕ್ಕರೆಯ ಅಣುಗಳು ಸಾಲಾಗಿ ಕಟ್ಟಿಕೊಂಡು ಮಾಲೆಯಾಗುತ್ತವೆ. ಕೆಂಪು ರಕ್ತಕಣಗಳ ಮೈಮೇಲೆ ಇಂಥ ಸಕ್ಕರೆಯ ಮಾಲೆಗಳಿವೆ. ಮಾಲೆಯ ತುದಿಯಲ್ಲಿ ಒಂದು ಬಗೆಯ ಸಕ್ಕರೆ ಇದ್ದರೆ ಎ ಗುಂಪು, ಇನ್ನೊಂದು ಬಗೆಯದಿದ್ದರೆ ಬಿ ಗುಂಪು, ಎರಡೂ ಇದ್ದರೆ ಎಬಿ. ತುದಿಯ ಆ ಕೊಂಡಿ ಇಲ್ಲದಿದ್ದರೆ ಒ. ಆ ಮಾಲೆಯ ಬುಡದ ಭಾಗವೇ ಪೂರ್ಣವಾಗಿ ಇಲ್ಲದವರೂ ಇದ್ದಾರೆ. 1952ರಲ್ಲಿ ಮುಂಬೈಯಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಅಂಥವರನ್ನು ಗುರುತಿಸಿದ್ದರಿಂದ ಅದಕ್ಕೆ ಬಾಂಬೆ ರಕ್ತದ ಗುಂಪು ಎಂಬ ಹೆಸರು ಬಂತು. ಅವರಿಗೆ ಒ ಗುಂಪಿನ ರಕ್ತವೂ ಒಗ್ಗುವುದಿಲ್ಲ.

ಒಂದೇ ಒಂದು ಸಕ್ಕರೆಯ ವ್ಯತ್ಯಾಸಕ್ಕೆ ದೇಹ ಇಷ್ಟು ತೀವ್ರವಾಗಿ ಪ್ರತಿಕ್ರಿಯಿಸುತ್ತದೆ. ಎ ಗುಂಪಿನವನಿಗೆ ಬಿ ಗುಂಪಿನ ರಕ್ತ ಕೊಟ್ಟರೆ ಅವನ ರಕ್ತದಲ್ಲಿರುವ ಪ್ರತಿಕಾಯಗಳು ಆ ಕಣಗಳ ಮೇಲೆ ಎರಗಿ ಪ್ರಾಣಕ್ಕೇ ಅಪಾಯ ತರುತ್ತವೆ.

ಇಲ್ಲೊಂದು ಸೋಜಿಗವಿದೆ. ಆ ವ್ಯಕ್ತಿ ಜೀವನದಲ್ಲಿ ಒಮ್ಮೆಯೂ ಬಿ ಗುಂಪಿನ ರಕ್ತ ಪಡೆದಿರುವುದಿಲ್ಲ. ಹಾಗಾದರೆ ಅದರ ವಿರುದ್ಧದ ಪ್ರತಿಕಾಯ ಮೊದಲೇ ಅವನಲ್ಲಿ ಹೇಗೆ ಬಂತು? ಹುಟ್ಟಿದಾಗ ಶಿಶುವಿನ ಸ್ವಂತ ದೇಹದಲ್ಲಿ ಇವು ತಯಾರಾಗಿರುವುದಿಲ್ಲ. ಸುಮಾರು ಮೂರರಿಂದ ಆರು ತಿಂಗಳಲ್ಲಿ ಕಾಣಿಸಿಕೊಳ್ಳುತ್ತವೆ. ಕರುಳಿನಲ್ಲಿ ಬಂದು ನೆಲೆಸುವ ಕೆಲವು ಬ್ಯಾಕ್ಟೀರಿಯಾಗಳ ಮೈಮೇಲೆಯೂ ಎ ಮತ್ತು ಬಿ ಗುಂಪನ್ನು ಹೋಲುವ ಸಕ್ಕರೆಗಳಿವೆ. ಅವುಗಳನ್ನು ನೋಡಿಯೇ ದೇಹ ಈ ಪಾಠ ಕಲಿಯುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. 1959ರಲ್ಲಿ ಜಾರ್ಜ್ ಸ್ಪ್ರಿಂಗರ್ ಮತ್ತು ಸಂಗಡಿಗರು ಕೋಳಿಮರಿಗಳಲ್ಲಿ ಇದನ್ನು ಪರೀಕ್ಷಿಸಿದರು. ಬ್ಯಾಕ್ಟೀರಿಯಾ ಸೋಕದಂತೆ ಸಾಕಿದ ಮರಿಗಳಲ್ಲಿ ಬಿ ಗುಂಪಿನ ವಿರುದ್ಧದ ಪ್ರತಿಕಾಯ ಬೆಳೆಯಲಿಲ್ಲ. ಬಿ ಗುಂಪಿನಂಥ ಸಕ್ಕರೆ ಹೊತ್ತ ಬ್ಯಾಕ್ಟೀರಿಯಾವನ್ನು ಕೊಟ್ಟಾಗ ಬೆಳೆಯಿತು.

ಅಂದರೆ ನಿಮ್ಮ ಪರ್ಸಿನಲ್ಲಿರುವ ಆ ಕಾರ್ಡಿನ ಹಿಂದೆ, ತೊಟ್ಟಿಲಲ್ಲಿದ್ದಾಗ ನಿಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಕಲಿಸಿದ ಒಂದು ಪಾಠವಿದೆ.

ಕರುಳಿನ ಗಡಿ

ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಹೇಳುತ್ತದೆ. ಇದು ನಮ್ಮದೇ ಜೀವಕೋಶಗಳ ಸಂಖ್ಯೆಗೆ ಹೆಚ್ಚುಕಡಿಮೆ ಸಮ. ಇವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ಅವುಗಳಿಗೂ ನಮ್ಮ ಮಾಂಸಕ್ಕೂ ನಡುವೆ ಇರುವುದು ಒಂದು ಲೋಳೆಯ ಪದರ ಮತ್ತು ಅದರ ಕೆಳಗೆ ಒಂದೇ ಸಾಲಿನ ಜೀವಕೋಶಗಳ ತೆಳು ಗೋಡೆ. ಆ ಗೋಡೆಯ ಹಿಂದೆ ರೋಗನಿರೋಧಕ ವ್ಯವಸ್ಥೆಯ ದೊಡ್ಡ ಪಡೆ ಬೀಡುಬಿಟ್ಟಿದೆ.

ಈ ಪಡೆಗೆ ಎರಡು ಬಗೆಯ ತಪ್ಪು ಆಗಬಹುದು. ಟೈಫಾಯ್ಡ್ ಅಥವಾ ಭೇದಿ ತರುವ ಶತ್ರುವನ್ನು ಗುರುತಿಸದೆ ಬಿಟ್ಟರೆ ರೋಗ ಬರುತ್ತದೆ. ಮಿತ್ರನನ್ನೇ ಶತ್ರುವೆಂದು ತಿಳಿದು ಹಗಲಿರುಳು ಯುದ್ಧ ಮಾಡಿದರೆ ಕರುಳೇ ಹುಣ್ಣಾಗುತ್ತದೆ. ಆದ್ದರಿಂದ ಈ ಪಡೆಗೆ ಹೊಡೆಯುವುದರ ಜೊತೆಗೆ ತಡೆದುಕೊಳ್ಳುವುದೂ ಗೊತ್ತಿರಬೇಕು. ಹೀಗೆ ಸಂಯಮ ಕಲಿಸುವ ವಿಶೇಷ ಬಿಳಿ ರಕ್ತಕಣಗಳು ನಮ್ಮಲ್ಲಿವೆ. ಅವುಗಳನ್ನು ನಿಯಂತ್ರಕ ಟಿ ಜೀವಕೋಶಗಳು ಎನ್ನುತ್ತಾರೆ. ಊರಿನಲ್ಲಿ ಜಗಳ ಬಿಸಿಯೇರಿದಾಗ ನಡುವೆ ನಿಂತು ಸಮಾಧಾನ ಮಾಡುವ ಹಿರಿಯರಿದ್ದಂತೆ ಇವು.

ಈ ಕಾವಲುಗಾರರಿಗೆ ಕಣ್ಣಿಲ್ಲ. ಎದುರಿಗೆ ಬಂದದ್ದರ ಮೈಯನ್ನು ತಡವಿ ನೋಡಿಯೇ ಅವು ತಿಳಿಯಬೇಕು. ಕಣ್ಣು ಮುಚ್ಚಿಕೊಂಡಿದ್ದರೂ ಪರಿಮಳದಿಂದಲೇ ಶಂಕರಪುರ ಮಲ್ಲಿಗೆ ಬಂತೆಂದು ನಾವು ಹೇಳುವುದಿಲ್ಲವೇ? ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಮೊದಲು ಸಿಗುವುದು ಸಕ್ಕರೆಯ ಮಾಲೆಗಳ ಹೊದಿಕೆ. ಹೆಚ್ಚಿನ ಸಂದರ್ಭದಲ್ಲಿ ಗುರುತು ಅಲ್ಲಿಂದಲೇ ಶುರುವಾಗುತ್ತದೆ.

ಒಂದು ಬ್ಯಾಕ್ಟೀರಿಯಾ, ಒಂದು ಸಕ್ಕರೆ

ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಎಂಬ ಬ್ಯಾಕ್ಟೀರಿಯಾ ಈ ವಿಷಯದಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾಗಿದೆ. ಅದು ಕನಿಷ್ಠ ಎಂಟು ಬಗೆಯ ಸಕ್ಕರೆ ಹೊದಿಕೆಗಳನ್ನು ತಯಾರಿಸಬಲ್ಲದು. ಸಂದರ್ಭ ನೋಡಿ ಒಂದನ್ನು ತೆಗೆದು ಇನ್ನೊಂದನ್ನು ತೊಡುತ್ತದೆ. ಅವುಗಳಲ್ಲಿ ಮೊದಲನೆಯದಕ್ಕೆ ಪಾಲಿಸ್ಯಾಕರೈಡ್ ಎ ಎಂದು ಹೆಸರು. ನಾಲ್ಕು ಸಕ್ಕರೆಗಳ ಒಂದು ಗುಚ್ಛ ಅದೇ ಕ್ರಮದಲ್ಲಿ ಮತ್ತೆ ಮತ್ತೆ ಬರುವ ಉದ್ದನೆಯ ಮಾಲೆ ಅದು.

ಅಮೆರಿಕದ ಹಾರ್ವರ್ಡ್‌ನಲ್ಲಿ ಡೆನಿಸ್ ಕ್ಯಾಸ್ಪರ್ ಮತ್ತು ಸರ್ಕಿಸ್ ಮಜ್ಮಾನಿಯನ್ ಮೊದಲಾದವರು 2005ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಯಾವುದೇ ಬ್ಯಾಕ್ಟೀರಿಯಾ ಇಲ್ಲದಂತೆ ಸಾಕಿದ ಇಲಿಗಳು ನೋಡಲು ಚೆನ್ನಾಗಿದ್ದರೂ ಅವುಗಳ ರೋಗನಿರೋಧಕ ವ್ಯವಸ್ಥೆ ಪೂರ್ತಿ ಬೆಳೆದಿರಲಿಲ್ಲ. ಟಿ ಜೀವಕೋಶಗಳು ಕಡಿಮೆ ಇದ್ದವು, ಇದ್ದವುಗಳಲ್ಲಿ ಸಮತೋಲನವೂ ಇರಲಿಲ್ಲ. ಅವುಗಳಿಗೆ ಈ ಒಂದೇ ಬ್ಯಾಕ್ಟೀರಿಯಾವನ್ನು ಕೊಟ್ಟಾಗ ಕೊರತೆ ನೀಗಿತು. ಪಾಲಿಸ್ಯಾಕರೈಡ್ ಎ ತಯಾರಿಸಲಾಗದಂತೆ ಮಾರ್ಪಡಿಸಿದ ಅದೇ ಬ್ಯಾಕ್ಟೀರಿಯಾವನ್ನು ಕೊಟ್ಟಾಗ ನೀಗಲಿಲ್ಲ. ಬ್ಯಾಕ್ಟೀರಿಯಾ ಅದೇ, ಇಲಿಯೂ ಅದೇ ಬಗೆಯದು. ವ್ಯತ್ಯಾಸ ಇದ್ದದ್ದು ಮೇಲಿನ ಹೊದಿಕೆಯಲ್ಲಿ.

2008ರಲ್ಲಿ ಇದೇ ತಂಡದ ಇನ್ನೊಂದು ಅಧ್ಯಯನ ಬಂತು. ಕರುಳಿನ ಉರಿಯೂತ ತರಿಸಿದ ಇಲಿಗಳಿಗೆ ಈ ಸಕ್ಕರೆ ರಕ್ಷಣೆ ಕೊಟ್ಟಿತು. ಅದು ನೇರವಾಗಿ ಯಾರನ್ನೂ ಕೊಲ್ಲಲಿಲ್ಲ. ಉರಿಯೂತವನ್ನು ತಣಿಸುವ ಇಂಟರ್‌ಲ್ಯೂಕಿನ್-10 ಎಂಬ ಸಂದೇಶದ ಅಣುವನ್ನು ಬಿಡುಗಡೆ ಮಾಡುವಂತೆ ಇಲಿಯದೇ ಟಿ ಜೀವಕೋಶಗಳನ್ನು ಪ್ರೇರೇಪಿಸಿತು. ಮುಂದಿನ ಅಧ್ಯಯನಗಳು ಸಮಾಧಾನ ಮಾಡುವ ಆ ನಿಯಂತ್ರಕ ಜೀವಕೋಶಗಳು ಇದರಿಂದ ಹೆಚ್ಚುವುದನ್ನೂ ತೋರಿಸಿದವು.

ಎದೆಹಾಲು ಕುಡಿಯುವ ಮಕ್ಕಳ ಕರುಳಿನಲ್ಲಿ ಹೇರಳವಾಗಿರುವ ಬಿಫಿಡೋಬ್ಯಾಕ್ಟೀರಿಯಂ ಎಂಬ ಗುಂಪಿನಲ್ಲಿಯೂ ಇಂಥದೇ ಗುಣ ಕಂಡುಬಂದಿದೆ. 2018ರಲ್ಲಿ ದಕ್ಷಿಣ ಕೊರಿಯಾದ ಪೋಹಾಂಗ್‌ನ ಸಂಶೋಧಕರು ಈ ಗುಂಪಿನ ಒಂದು ಬ್ಯಾಕ್ಟೀರಿಯಾದ ಹೊರಮೈಯ ಸಕ್ಕರೆ ಇಲಿಗಳಲ್ಲಿ ನಿಯಂತ್ರಕ ಟಿ ಜೀವಕೋಶಗಳನ್ನು ಹೆಚ್ಚಿಸುತ್ತದೆ ಎಂದು ತೋರಿಸಿದರು. ಇವೆಲ್ಲ ಹೆಚ್ಚಾಗಿ ಇಲಿಗಳ ಮೇಲೆ ನಡೆದ ಪ್ರಯೋಗಗಳು ಎಂಬುದನ್ನು ಮರೆಯಬಾರದು. ಇದರಿಂದ ಮನುಷ್ಯನ ಕಾಯಿಲೆಗೆ ಔಷಧ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಜಾಗ ತಪ್ಪಿದರೆ

ಈ ಕಥೆಗೆ ಇನ್ನೊಂದು ಮುಖವಿದೆ. ಅಪೆಂಡಿಕ್ಸ್ ಒಡೆದೋ ಗಾಯವಾಗಿಯೋ ಕರುಳಿನ ಗೋಡೆ ತೂತಾದರೆ ಇದೇ ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಹೊಟ್ಟೆಯ ಒಳಾವರಣಕ್ಕೆ ಸೋರುತ್ತದೆ. ಆಗ ಅಲ್ಲಿ ಕೀವು ತುಂಬಿದ ಬಾವು ಆಗುತ್ತದೆ. ಆ ಬಾವು ಉಂಟಾಗುವಂತೆ ಮಾಡುವುದರಲ್ಲಿಯೂ ಅದೇ ಪಾಲಿಸ್ಯಾಕರೈಡ್ ಎ ಪಾತ್ರ ವಹಿಸುತ್ತದೆ ಎಂದು 1993ರಲ್ಲಿಯೇ ತಿಳಿದಿತ್ತು. ಕರುಳಿನ ಒಳಗೆ ಶಾಂತಿ ಕಲಿಸುವ ಸಕ್ಕರೆ ಗೋಡೆಯ ಆಚೆ ಹೋದರೆ ಸಂಕಟ ತರುತ್ತದೆ.

ಅಲ್ಲಾಹನು ಆಕಾಶವನ್ನು ಎತ್ತರಿಸಿ ತಕ್ಕಡಿಯನ್ನು ಸ್ಥಾಪಿಸಿದ ವಿಷಯ, ತೂಕದಲ್ಲಿ ಎಲ್ಲೆ ಮೀರಬಾರದೆಂಬ ಆಜ್ಞೆ ಅರ್‍ರಹ್ಮಾನ್ ಅಧ್ಯಾಯದ ಆರಂಭದಲ್ಲಿ ಬರುತ್ತದೆ. ಆ ತಕ್ಕಡಿ ಅಂಗಡಿಯಲ್ಲಿ ಮಾತ್ರ ಇರುವುದಲ್ಲ. ನಮ್ಮ ಹೊಟ್ಟೆಯೊಳಗೂ ಇದೆ. ಪ್ರತಿಯೊಂದೂ ತನ್ನ ಜಾಗದಲ್ಲಿ, ತನ್ನ ಅಳತೆಯಲ್ಲಿ ಇರುವಾಗಲೇ ಒಳಿತು.

ಶತ್ರು ಬ್ಯಾಕ್ಟೀರಿಯಾಗಳಿಗೂ ಸಕ್ಕರೆಯ ಹೊದಿಕೆಯಿದೆ. ನ್ಯುಮೋನಿಯಾ ಮತ್ತು ಮಿದುಳುಪೊರೆಯ ಉರಿಯೂತ ತರುವ ಕೆಲವು ಬ್ಯಾಕ್ಟೀರಿಯಾಗಳು ಅದರ ಮರೆಯಲ್ಲಿ ಕಾವಲುಗಾರರಿಂದ ತಪ್ಪಿಸಿಕೊಳ್ಳುತ್ತವೆ. ಎರಡು ವರ್ಷದೊಳಗಿನ ಮಗುವಿನ ದೇಹಕ್ಕೆ ಬರೀ ಸಕ್ಕರೆಯನ್ನು ನೋಡಿ ಶತ್ರುವನ್ನು ನೆನಪಿಟ್ಟುಕೊಳ್ಳುವ ಸಾಮರ್ಥ್ಯ ಕಡಿಮೆ. ಹಾಗಾಗಿ ವಿಜ್ಞಾನಿಗಳು ಆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಜೋಡಿಸಿ ಲಸಿಕೆ ತಯಾರಿಸಿದರು. ಅಂಗನವಾಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಆರು, ಹತ್ತು ಮತ್ತು ಹದಿನಾಲ್ಕನೇ ವಾರದಲ್ಲಿ ಕೊಡುವ ಪೆಂಟಾವಲೆಂಟ್ ಲಸಿಕೆಯ ಒಂದು ಭಾಗ ಇಂಥದ್ದು. 2021ರಲ್ಲಿ ದೇಶದಾದ್ಯಂತ ವಿಸ್ತರಿಸಿದ ನ್ಯುಮೋಕಾಕಲ್ ಲಸಿಕೆಯೂ ಇಂಥದ್ದೇ. ಮಗುವಿಗೆ ಚುಚ್ಚುಮದ್ದು ಕೊಡಿಸುವಾಗ ಜ್ವರ ಬಂದೀತೆಂದು ಹಿಂಜರಿಯುವ ಹೆತ್ತವರು ಇದನ್ನು ನೆನಪಿಡಬೇಕು. ಶತ್ರುವಿನ ಉಡುಪನ್ನು ಮಾತ್ರ ತೋರಿಸಿ ಕಾವಲುಗಾರನನ್ನು ಮೊದಲೇ ಸಜ್ಜುಗೊಳಿಸುವ ಕೆಲಸ ಅದು.

ತಾಯಿಯ ಹಾಲಿನಲ್ಲಿ ಬ್ಯಾಕ್ಟೀರಿಯಾಕ್ಕೂ ಪಾಲು

ಮಿತ್ರ ಬ್ಯಾಕ್ಟೀರಿಯಾ ಮಗುವಿನ ಕರುಳಿಗೆ ಬಂದು ನೆಲೆಸಬೇಕಾದರೆ ಅದಕ್ಕೂ ಆಹಾರ ಬೇಕು. ಆ ವ್ಯವಸ್ಥೆ ತಾಯಿಯ ಎದೆಯಲ್ಲಿಯೇ ಆಗಿದೆ. ಎದೆಹಾಲಿನ ಘನಾಂಶದಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಮೂರನೇ ಸ್ಥಾನ ಒಂದು ವಿಶೇಷ ಬಗೆಯ ಸಕ್ಕರೆಗಳದ್ದು. ಅವುಗಳಲ್ಲಿ ನೂರಕ್ಕೂ ಹೆಚ್ಚು ವಿಧಗಳಿವೆ. ಅವುಗಳನ್ನು ಜೀರ್ಣಿಸಿಕೊಳ್ಳಲು ಮಗುವಿಗೆ ಆಗುವುದಿಲ್ಲ. ಹಾಗಾದರೆ ಅವು ಯಾರಿಗಾಗಿ? ಬಿಫಿಡೋಬ್ಯಾಕ್ಟೀರಿಯಂ ಮೊದಲಾದ ಮಿತ್ರರಿಗಾಗಿ. ಹಳದಿ ಬಣ್ಣದ ಮೊದಲ ಹಾಲಿನಲ್ಲಿ ಈ ಸಕ್ಕರೆ ಇನ್ನೂ ಹೆಚ್ಚು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯರ್ 1899ರಲ್ಲಿ ಬಿಫಿಡೋಬ್ಯಾಕ್ಟೀರಿಯಂ ಅನ್ನು ಮೊದಲು ಕಂಡದ್ದು ಎದೆಹಾಲು ಕುಡಿಯುವ ಮಗುವಿನ ಮಲದಲ್ಲಿಯೇ.

ಈ ಸಕ್ಕರೆಗಳು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಕೆಲವು ರೋಗಾಣುಗಳು ಕರುಳಿನ ಗೋಡೆಯ ಸಕ್ಕರೆಗೆ ಅಂಟಿಕೊಂಡು ಒಳನುಗ್ಗುತ್ತವೆ. ಹಾಲಿನ ಸಕ್ಕರೆ ಅದೇ ರೂಪದಲ್ಲಿ ಎದುರಾಗಿ ಅವುಗಳನ್ನು ತನ್ನ ಮೇಲೆ ಅಂಟಿಸಿಕೊಂಡು ಹೊರಗೆ ಸಾಗಿಸುತ್ತದೆ.

ಅಲ್‌ಬಕರ ಅಧ್ಯಾಯದ 233ನೇ ವಚನ ಪೂರ್ಣ ಎರಡು ವರ್ಷ ಹಾಲುಣಿಸುವುದರ ಬಗ್ಗೆ ಹೇಳುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಇತರ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕಿಂತಲೂ ಹೆಚ್ಚು ಕಾಲ ಎದೆಹಾಲು ಎಂಬುದು ಇಂದಿನ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮೊದಲ ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ನೂರರಲ್ಲಿ 42 ಮಕ್ಕಳಿಗೆ ಮಾತ್ರ. ಮೊದಲ ಹಾಲು ದಪ್ಪ, ಮಗುವಿಗೆ ಆಗುವುದಿಲ್ಲ ಎಂದು ಹಿಂಡಿ ಚೆಲ್ಲುವ ಅಭ್ಯಾಸ, ಸಕ್ಕರೆ ನೀರು ಕೊಡುವ ಅಭ್ಯಾಸ ಕೆಲವು ಮನೆಗಳಲ್ಲಿ ಇನ್ನೂ ಇದೆ. ಹಾಗೆ ಚೆಲ್ಲುವುದು ಮಗುವಿನ ಮೊದಲ ಹಕ್ಕನ್ನು ಎಂದು ಅಜ್ಜಿಯಂದಿರಿಗೆ ಪ್ರೀತಿಯಿಂದ ತಿಳಿಸಿ ಹೇಳಬೇಕು.

ಜೇನಿನ ಬಗ್ಗೆ ಒಂದು ಮಾತು. ಜೇನಿನಲ್ಲಿ ಜನರಿಗೆ ಶಮನವಿದೆ ಎಂದು ಅನ್‌ನಹ್ಲ್ ಅಧ್ಯಾಯ ಹೇಳುತ್ತದೆ, ಅದು ಸತ್ಯ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು ಎಂದು ವೈದ್ಯರು ಹೇಳುತ್ತಾರೆ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ದೊಡ್ಡವರಿಗೆ ಏನೂ ಮಾಡುವುದಿಲ್ಲ. ಅವುಗಳನ್ನು ತಡೆಯುವ ಬ್ಯಾಕ್ಟೀರಿಯಾಗಳ ಬಳಗ ಶಿಶುವಿನ ಕರುಳಿನಲ್ಲಿ ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ ಅಲ್ಲಿ ಅವು ಮೊಳೆತು ವಿಷ ಉತ್ಪಾದಿಸಬಹುದು. ತಹ್‌ನೀಕ್ ಮಾಡುವ ಕುಟುಂಬಗಳು ಜೇನು ಬಳಸದೆ, ಮಗುವಿನ ವೈದ್ಯರನ್ನು ಮೊದಲು ಕೇಳುವುದು ಒಳ್ಳೆಯದು. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಅದು ಇನ್ನೂ ಮುಖ್ಯ.

ಸಿಸೇರಿಯನ್ ಆದ ತಾಯಂದಿರಿಗೂ ಒಂದು ಮಾತು. 2019-21ರ ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹತ್ತರಲ್ಲಿ ಸುಮಾರು ಮೂರು ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದ ಆಗಿದ್ದವು. 2019ರಲ್ಲಿ ಬ್ರಿಟನ್ನಿನ 596 ಶಿಶುಗಳ ಮೇಲೆ ನಡೆದ ಅಧ್ಯಯನದಲ್ಲಿ ಸಿಸೇರಿಯನ್ ಮೂಲಕ ಹುಟ್ಟಿದ ಮಕ್ಕಳ ಕರುಳಿನಲ್ಲಿ ಬ್ಯಾಕ್ಟೀರಾಯ್ಡಿಸ್ ಗುಂಪು ಬಹಳ ಕಡಿಮೆ ಇತ್ತು. ಇದನ್ನು ಓದಿ ಯಾವ ತಾಯಿಯೂ ನೊಂದುಕೊಳ್ಳಬೇಕಾಗಿಲ್ಲ. ಜೀವ ಉಳಿಸಲು ಮಾಡಿದ ಶಸ್ತ್ರಚಿಕಿತ್ಸೆ ಅಲ್ಲಾಹನ ಅನುಗ್ರಹವೇ. ಅಂಥ ಮಗುವಿಗೆ ಎದೆಹಾಲು ಬೇಗ ಸಿಗುವಂತೆ ಮನೆಯವರು ನೆರವಾಗಬೇಕು ಎಂಬುದಷ್ಟೇ ಇದರ ಪಾಠ. ಹಾಲುಣಿಸಲು ಆಗದ ತಾಯಿಯನ್ನು ದೂರುವ ಹಕ್ಕೂ ಯಾರಿಗೂ ಇಲ್ಲ. ಮಗುವಿನ ಕಾರಣದಿಂದ ತಾಯಿಗೆ ತೊಂದರೆ ಕೊಡಬಾರದು ಎಂಬುದೂ ಅದೇ 233ನೇ ವಚನದಲ್ಲಿದೆ. ತಾಯಿಯ ಊಟ ಉಡುಪಿನ ಹೊಣೆಯನ್ನು ಅದು ತಂದೆಯ ಮೇಲೆ ಹೊರಿಸಿದೆ. ಬೆಳಗಿನಿಂದ ಹೂ ಕೊಯ್ದು, ಕಟ್ಟಿ, ಅಡುಗೆಯನ್ನೂ ಮಾಡಬೇಕಾದ ಬಾಣಂತಿಗೆ ಹಾಲುಣಿಸಲು ಬಿಡುವು ಮಾಡಿಕೊಡುವುದು ಗಂಡನ ಕೆಲಸ.

ಉಳಿದ ಬಾಟಲಿ

ಈಗ ಆ ಯುವಕನ ಮೊದಲ ಪ್ರಶ್ನೆಗೆ ಬರೋಣ. ಸಾಮಾನ್ಯ ಶೀತ ಬರುವುದು ವೈರಸ್‌ನಿಂದ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಹಾಗಾಗಿ ಅದರಿಂದ ಶೀತ ಗುಣವಾಗುವುದಿಲ್ಲ. ಆದರೆ ಅದು ಸುಮ್ಮನೆ ಹೊರಗೆ ಹೋಗುವುದೂ ಇಲ್ಲ. ಮಿತ್ರ, ಶತ್ರು ಎಂಬ ಭೇದ ಅದಕ್ಕೆ ತಿಳಿಯದು. ಕರುಳಿನಲ್ಲಿ ಈಗಷ್ಟೇ ನೆಲೆಸುತ್ತಿರುವ, ಮಗುವಿನ ಕಾವಲುಪಡೆಗೆ ಪಾಠ ಹೇಳುತ್ತಿರುವ ಬ್ಯಾಕ್ಟೀರಿಯಾಗಳನ್ನೂ ಅದು ಹೊಡೆದು ಹಾಕುತ್ತದೆ. ದೊಡ್ಡ ಮಗುವಿಗೆಂದು ಕೊಟ್ಟ ಅಳತೆ ಶಿಶುವಿಗೆ ಹೊಂದುವುದಿಲ್ಲ. ನೀರು ಬೆರೆಸಿದ ಔಷಧ ಕೆಲವೇ ದಿನಗಳಲ್ಲಿ ಕೆಡುತ್ತದೆ. ಸಾಯದೆ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತೆ ಬಲಿಯುತ್ತವೆ. ಆಮೇಲೆ ಅವು ಆ ಮನೆಗೆ ಮಾತ್ರವಲ್ಲ, ನೆರೆಮನೆಗೂ ಅಪಾಯ. ನೆರೆಯವನ ಹಕ್ಕಿನ ಬಗ್ಗೆ ನಾವು ಎಷ್ಟು ಖುತ್ಬಾ ಕೇಳಿಲ್ಲ?

2014ರ ಮಾರ್ಚ್ 1ರಿಂದ ದೇಶದಲ್ಲಿ ಹಲವು ಪ್ರಬಲ ಆಂಟಿಬಯೋಟಿಕ್‌ಗಳು ಶೆಡ್ಯೂಲ್ ಎಚ್1 ಎಂಬ ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಅವುಗಳನ್ನು ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ದಾಖಲಿಸಿಡಬೇಕು. ಮಾತ್ರೆಯ ಹಾಳೆಯ ಮೇಲೆ ಕೆಂಪು ಗೆರೆ ಕಂಡರೆ ಅದು ಚೀಟಿ ಇಲ್ಲದೆ ಕೊಳ್ಳಬಾರದ ಔಷಧ ಎಂದರ್ಥ.

ಇದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಬೇಕು. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇಳಿಸಿದ್ದಾನೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆಂಟಿಬಯೋಟಿಕ್ ಅಂಥದೊಂದು ಮದ್ದು. ವೈದ್ಯರು ಪರೀಕ್ಷಿಸಿ ಬರೆದುಕೊಟ್ಟಾಗ ಕರುಳಿನ ಮಿತ್ರರ ಚಿಂತೆಯಿಂದ ಅದನ್ನು ಕೊಡದೆ ಇರಬಾರದು, ನಡುವೆ ನಿಲ್ಲಿಸಲೂಬಾರದು. ಎರಡು ತಿಂಗಳ ಮಗು ಹಾಲು ಕುಡಿಯದಿದ್ದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಉಸಿರು ವೇಗವಾದರೆ, ಎಬ್ಬಿಸಿದರೂ ಮಂಕಾಗಿಯೇ ಇದ್ದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಅಂಥ ಹೊತ್ತಿನಲ್ಲಿ ಆಂಟಿಬಯೋಟಿಕ್ ಜೀವ ಉಳಿಸುತ್ತದೆ.

ಪ್ಯಾಕೆಟಿನ ಬ್ಯಾಕ್ಟೀರಿಯಾ

ಎರಡನೆಯ ಪ್ರಶ್ನೆ ಮೆಡಿಕಲ್‌ನ ಪ್ಯಾಕೆಟಿನದು. ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ದೊಡ್ಡ ಅಧ್ಯಯನ ನಡೆದಿದೆ. ಒಡಿಶಾದ 149 ಹಳ್ಳಿಗಳಲ್ಲಿ ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು 4,556 ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾದ ಒಂದು ನಿರ್ದಿಷ್ಟ ತಳಿಯನ್ನು ಅದರ ಆಹಾರವಾದ ಒಂದು ಸಕ್ಕರೆಯ ಜೊತೆ ಏಳು ದಿನ ಕೊಟ್ಟರು. ಇನ್ನೊಂದು ಗುಂಪಿಗೆ ಅದರಂತೆಯೇ ಕಾಣುವ, ಬ್ಯಾಕ್ಟೀರಿಯಾ ಇಲ್ಲದ ಪುಡಿ. ಎದೆಹಾಲು ಎರಡೂ ಗುಂಪಿಗಿತ್ತು. ಎರಡು ತಿಂಗಳ ಒಳಗೆ ರಕ್ತಕ್ಕೆ ನಂಜೇರಿದ ಅಥವಾ ಮರಣ ಹೊಂದಿದ ಶಿಶುಗಳು ಪುಡಿಯ ಗುಂಪಿನಲ್ಲಿ ನೂರಕ್ಕೆ 9, ಬ್ಯಾಕ್ಟೀರಿಯಾದ ಗುಂಪಿನಲ್ಲಿ 5.4. ಅಂದರೆ ಸುಮಾರು 40 ಶೇಕಡಾ ಇಳಿಕೆ. 2017ರಲ್ಲಿ ಇದು ಪ್ರಕಟವಾಯಿತು.

ಆದರೆ ಇದನ್ನು ಓದಿ ಅಂಗಡಿಗೆ ಓಡಬೇಡಿ. ಆ ಅಧ್ಯಯನದಲ್ಲಿ ಬಳಸಿದ್ದು ಒಂದು ತಳಿ, ಒಂದು ಅಳತೆ, ಒಂದು ಬಗೆಯ ಮಕ್ಕಳು. ಪಾಲಿಸ್ಯಾಕರೈಡ್ ಎ ಕಥೆಯಲ್ಲಿ ನಾವು ನೋಡಿದಂತೆ ಹೊದಿಕೆಯ ಒಂದು ಸಕ್ಕರೆ ಬದಲಾದರೆ ಪರಿಣಾಮವೇ ಬದಲಾಗಬಹುದು. ಒಂದೇ ಹೆಸರಿನ ಬ್ಯಾಕ್ಟೀರಿಯಾದ ಎರಡು ತಳಿಗಳ ಹೊದಿಕೆ ಒಂದೇ ಆಗಿರಬೇಕೆಂದಿಲ್ಲ. ಮಾತ್ರವಲ್ಲ, ಅವಧಿಗೆ ಮುನ್ನ ಹುಟ್ಟಿದ ಅಥವಾ ತೀರಾ ದುರ್ಬಲವಾದ ಮಗುವಿಗೆ ಜೀವಂತ ಬ್ಯಾಕ್ಟೀರಿಯಾ ಕೊಡುವುದು ಅಪಾಯವೂ ಆಗಬಹುದು. ಮಕ್ಕಳ ವೈದ್ಯರು ಹೇಳಿದರೆ, ಅವರು ಹೇಳಿದ್ದನ್ನೇ ಕೊಡಿ.

ಹಲಾಲ್ ವಿಷಯ: ನಮ್ಮ ಕರುಳಿನಲ್ಲೇ ಇರುವ, ಮೊಸರಿನಲ್ಲೂ ಇರುವಂಥ ಬ್ಯಾಕ್ಟೀರಿಯಾದ ಬಗ್ಗೆ ಸಂದೇಹ ಪಡಬೇಕಾಗಿಲ್ಲ ಎಂದು ಉಸ್ತಾದರು ಅಂದೇ ಹೇಳಿದರು. ವಿಚಾರಿಸಬೇಕಾದದ್ದು ಕ್ಯಾಪ್ಸೂಲಿನ ಹೊರಕವಚದ ಬಗ್ಗೆ. ಅದು ಪ್ರಾಣಿಜನ್ಯ ಜೆಲಾಟಿನ್‌ನಿಂದ ಮಾಡಿದ್ದಿರಬಹುದು. ಸಸ್ಯಜನ್ಯ ಕವಚದ್ದು, ಪುಡಿಯ ರೂಪದ್ದು ಸಿಗುತ್ತವೆಯೇ ಎಂದು ವೈದ್ಯರನ್ನು ಕೇಳಿ. ಬೇರೆ ದಾರಿ ಇಲ್ಲದ ಅನಿವಾರ್ಯ ಸಂದರ್ಭವಾದರೆ ವಿದ್ವಾಂಸರನ್ನು ವಿಚಾರಿಸಿ.

ನಮ್ಮ ತಟ್ಟೆ

ದೊಡ್ಡವರ ಕರುಳಿನ ಮಿತ್ರರಿಗೆ ಆಹಾರ ನಾರಿನಂಶ. ಅದು ಸಿಗದಿದ್ದರೆ ಅವುಗಳಲ್ಲಿ ಕೆಲವು ಲೋಳೆಯ ಪದರದಲ್ಲಿರುವ ಸಕ್ಕರೆಯನ್ನೇ ತಿನ್ನತೊಡಗುತ್ತವೆ. 2016ರ ಒಂದು ಅಧ್ಯಯನದಲ್ಲಿ ನಾರಿಲ್ಲದ ಆಹಾರ ಕೊಟ್ಟ ಇಲಿಗಳ ಲೋಳೆಯ ಪದರ ತೆಳುವಾಗಿ, ರೋಗಾಣುಗಳು ಸುಲಭವಾಗಿ ಗೋಡೆಯನ್ನು ತಲುಪಿದವು. ಮಿತ್ರನನ್ನು ಹಸಿವಿನಲ್ಲಿಟ್ಟರೆ ಅವನು ಮನೆಯ ಬೇಲಿಯನ್ನೇ ಕಿತ್ತು ತಿಂದಂತೆ.

ಇದಕ್ಕೆ ದುಬಾರಿ ಆಹಾರ ಬೇಕಾಗಿಲ್ಲ. ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಕಡಲೆ, ಬಸಳೆ, ಹರಿವೆ, ನುಗ್ಗೆ, ಪಕ್ಕದ ಮಟ್ಟುವಿನ ಗುಳ್ಳ, ಬಾಳೆಹಣ್ಣು, ಖರ್ಜೂರ ಇವೆಲ್ಲ ನಮ್ಮ ಅಂಗಳದಲ್ಲಿ, ಪೇಟೆಯಲ್ಲಿ ಇವೆ. ಮದುವೆ, ಸತ್ಕಾರಗಳ ಬಿರಿಯಾನಿಯನ್ನು ಯಾರೂ ನಿಷೇಧಿಸಿಲ್ಲ. ಆದರೆ ವಾರವಿಡೀ ಮೈದಾ ಪರೋಟ ಮತ್ತು ಮಾಂಸ ಮಾತ್ರ ತಿನ್ನುವ ಹೊಟ್ಟೆಯಲ್ಲಿ ಆ ಮಿತ್ರರಿಗೆ ಪಾಲಿಲ್ಲ. ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ(ಸ)ರ ಕಲಿಕೆ ನಮಗೆ ಗೊತ್ತು. ಆಹಾರದ ಆ ಒಂದು ಭಾಗದಲ್ಲಿ ಸೊಪ್ಪು ಕಾಳುಗಳಿಗೂ ಜಾಗವಿರಲಿ.

ಭೂಮಿಯಲ್ಲಿಯೂ ನಿಮ್ಮೊಳಗೂ ಇರುವ ದೃಷ್ಟಾಂತಗಳನ್ನು ನೋಡಿರೆಂದು ಅದ್ದಾರಿಯಾತ್ ಅಧ್ಯಾಯ ನಮ್ಮನ್ನು ಕರೆಯುತ್ತದೆ. ಕಣ್ಣಿಗೆ ಕಾಣದ ಒಂದು ಜೀವಿಯ ಮೈಮೇಲಿನ ಸಕ್ಕರೆಯ ಮಾಲೆ, ಅದನ್ನು ಓದಬಲ್ಲ ಕಾವಲುಗಾರ, ಅವರಿಬ್ಬರ ಪರಿಚಯಕ್ಕೆಂದು ತಾಯಿಯ ಎದೆಯಲ್ಲಿ ಸಿದ್ಧವಾಗುವ ಹಾಲು, ಇವೂ ಆ ದೃಷ್ಟಾಂತಗಳೇ. ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂಬ ಪ್ರವಾದಿ(ಸ)ರ ಬೋಧನೆಯ ವ್ಯಾಪ್ತಿಯಲ್ಲಿ ಈ ಪುಟ್ಟ ಒಕ್ಕಲುಗಳೂ ಬರುತ್ತಾರೆ.

ಆ ಯುವಕ ಮುಂದಿನ ಶುಕ್ರವಾರ ಸಿಕ್ಕಿದ. ವೈದ್ಯರು ಮಗುವನ್ನು ನೋಡಿ ಮೂಗಿಗೆ ಉಪ್ಪುನೀರಿನ ಹನಿ ಮಾತ್ರ ಬರೆದುಕೊಟ್ಟರಂತೆ, ಎದೆಹಾಲು ಚೆನ್ನಾಗಿ ಕೊಡಿ ಎಂದರಂತೆ. ಶೀತ ತಾನಾಗಿ ಇಳಿದಿದೆ. ಉಳಿದ ಬಾಟಲಿ ಏನಾಯಿತು ಎಂದು ಕೇಳಿದೆ. "ಅದನ್ನು ಎಸೆದಾಯಿತು" ಎಂದ. ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲಿನಲ್ಲೂ ಅಂಥದೊಂದು ಬಾಟಲಿ ಇದ್ದರೆ, ಈ ಪುಟ ಮಡಚಿದ ಕೂಡಲೇ ಅದನ್ನು ಹೊರಗೆ ತೆಗೆಯಿರಿ.

ನಮಗೆ ವಹಿಸಿಕೊಟ್ಟ ಈ ಅಮಾನತನ್ನು ಅರಿತು ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ನಮ್ಮ ಮಕ್ಕಳಿಗೆ ಆಫಿಯತ್ ನೀಡಲಿ. ಆಮೀನ್.